ಉರುಸಿನ ಅಧ್ಯಾಯ

ಹಳಗನ್ನಡ ನಿಮಗೆ ಹೇಗೆ ಬರುತ್ತದೆ ಎಂದು ಕೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ, ಅದಕ್ಕೇ ಇನ್ನಷ್ಟು ಉರಿ. ಯಲಬುರ್ಗಾದ ಕಾಲೇಜಿಗೆ ಕನ್ನಡ ಮೇಷ್ಟರಾಗಿ ಹೋದ ಮೊದಲ ದಿನ ಅಲ್ಲಿನ ಗುಮಾಸ್ತ ನನ್ನ ಆದೇಶವನ್ನು ತಿರುಗಾಮುರುಗಾ ನೋಡಿ, "ಉರ್ದು ಪೋಸ್ಟ್ ನಮ್ಮಲ್ಲಿ ಇಲ್ಲಲ್ರೀ ಸರ" ಅಂದಿದ್ದ. ನಿವೃತ್ತಿಯ ದಿನ ಹಾರ ಹಾಕಿದವರು, "ಮುಸ್ಲಿಮರಾಗಿಯೂ ಹಳಗನ್ನಡವನ್ನು ಅರೆದು ಕುಡಿದವರು" ಎಂದು ಹೊಗಳಿದರು. ಆ ಹಾರವನ್ನು ಕಿತ್ತು ಅವರ ಕೊರಳಿಗೇ ವಾಪಸ್ಸು ಹಾಕಿ ಬರಬೇಕೆನಿಸಿತ್ತು. ನಾನು ಹುಟ್ಟಿದ್ದು ಅರಬಸ್ತಾನದಲ್ಲಲ್ಲ, ಕುಷ್ಟಗಿ ತಾಲ್ಲೂಕಿನಲ್ಲಿ, ತಾವರಗೇರಾ ಬದಿಯ ಒಂದು ಹಳ್ಳಿಯಲ್ಲಿ. ಅಪ್ಪ ಸಂತೆಯಿಂದ ಸಂತೆಗೆ ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಕಲಾಯಿಯವನ ಮಗನಿಗೆ ಹಳೆಯದನ್ನು ತಿಕ್ಕಿ ಬೆಳಗುವುದು ಬರಬಾರದೆ?

ನಮ್ಮೂರ ಅಂಚಿನಲ್ಲಿ ಒಂದು ಸಣ್ಣ ದರ್ಗಾ ಇದೆ. ಒಂದು ಬೇವಿನ ಮರ, ಸುಣ್ಣ ಬಳಿದ ಗೋರಿ, ಮುಂದೆ ಅಂಗಳ, ಅಷ್ಟೇ. ಅಂಗಳದಲ್ಲಿ ಒಂದು ಕರಿಕಲ್ಲು ಅಂಗಾತ ಮಲಗಿತ್ತು. ಗುರುವಾರ ಸಂಜೆ ಅದರ ತಲೆಯ ಕಡೆ ದೀಪ ಇಡುವುದು ನಮ್ಮ ಮನೆಯ ಹೆಂಗಸರ ಹಕ್ಕು. ಮೊದಲು ಅಜ್ಜಿ, ಆಮೇಲೆ ಅಮ್ಮ, ಈಗ ನನ್ನ ಅಕ್ಕ. ಅವಳನ್ನು ನಾನು ಆಪಾ ಅನ್ನುತ್ತೇನೆ. ಊರಿನ ರೈತರು, ಕೂಲಿಯವರು, ಅವರ ಮನೆಯ ದೇವರು ಯಾವುದೇ ಇರಲಿ, ಹೊಸ ಕುಸುಬಿಯ ಮೊದಲ ಎಣ್ಣೆಯನ್ನು ಆ ಕಲ್ಲಿನ ಮೇಲೆ ಸುರಿಯದೆ ಮನೆಯ ಒಗ್ಗರಣೆಗೆ ಮುಟ್ಟುತ್ತಿರಲಿಲ್ಲ. ಎಣ್ಣೆ ಕುಡಿದೂ ಕುಡಿದೂ ಕಲ್ಲು ದೋಸೆಯ ಹಂಚಿನ ಹಾಗೆ ಆಗಿತ್ತು. ಆ ಜಿಡ್ಡಿನ ಅಡಿಯಲ್ಲಿ ಸಾಲುಸಾಲಾಗಿ ಅಕ್ಷರಗಳಿದ್ದವು. ಅಜ್ಜಿಗೆ ಯಾವ ಭಾಷೆಯ ಓದೂ ಬರುತ್ತಿರಲಿಲ್ಲ. "ಅಕ್ಷರ ಅದಾವ, ಕಾಲ ಇಟ್ರ ಕಾಲ ಮುರೀತೀನಿ" ಎಂದು ಮಕ್ಕಳನ್ನೆಲ್ಲ ಬೆದರಿಸುತ್ತಿದ್ದಳು.

ಧಾರವಾಡದಲ್ಲಿ ಎಂ.ಎ. ಓದುವಾಗ ಹಳೆಯ ಲಿಪಿ ಕಲಿತೆ. ಮುಂದಿನ ರಜೆಯಲ್ಲೇ ಊರಿಗೆ ಬಂದು, ಆಪಾನ ಕೈಲಿ ಬೂದಿ, ಸೀಗೆಪುಡಿ ತರಿಸಿ, ಇಬ್ಬರೂ ಕೂತು ಆ ಕಲ್ಲನ್ನು ತಿಕ್ಕಿದೆವು. ಎಣ್ಣೆ ಅಕ್ಷರಗಳನ್ನು ಗಾಳಿ ಮಳೆಯಿಂದ ಕಾಪಾಡಿತ್ತು, ಒಂದೂ ಸವೆದಿರಲಿಲ್ಲ. ಅದು ನಿಷಧಿ ಕಲ್ಲು. ಅನ್ನ ನೀರು ಬಿಟ್ಟು ದೇಹ ತೊರೆದ ಜೈನ ಮುನಿಯ ನೆನಪಿಗೆ ನಿಲ್ಲಿಸುವ ಕಲ್ಲಿಗೆ ನಿಷಧಿ ಅನ್ನುತ್ತಾರೆ. ಮುನಿ ಇದೇ ನೆಲದಲ್ಲಿ ಸತ್ತ, ಇದೇ ನೆಲದಲ್ಲಿ ಹುಟ್ಟಿದ ಅವನ ಶಿಷ್ಯ ಈ ಕಲ್ಲು ನಿಲ್ಲಿಸಿದ ಎಂದು ಬರೆದಿತ್ತು. ಆ ಶಿಷ್ಯ ಯಾರು ಗೊತ್ತೆ? ನಮಗೆ ತರಗತಿಯಲ್ಲಿ ಪಾಠವಾಗಿದ್ದ ಕವಿ! ಅವನನ್ನು ನಾಡಿನ ಬೇರೊಂದು ಮೂಲೆಯವನೆಂದು ದೊಡ್ಡ ದೊಡ್ಡ ವಿದ್ವಾಂಸರು ದಪ್ಪ ದಪ್ಪ ಪುಸ್ತಕ ಬರೆದು ಸಾಧಿಸಿದ್ದರು. ಆ ಕವಿ ನಮ್ಮ ಜೋಳದ ಹೊಲಗಳವನು. ನಾನು ಅಂಗಳದಲ್ಲಿ ಕೂತು ಮಗುವಿನ ಹಾಗೆ ಅತ್ತೆ. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಹೆಂಡತಿ ಇದನ್ನು ಓದಿದರೆ ಓದಲಿ.

ಆಪಾ ಮಾತ್ರ ಅಳಲಿಲ್ಲ, ನಗಲೂ ಇಲ್ಲ. ಕಲ್ಲಿನ ಮೇಲೆ ಮತ್ತೆ ಎಣ್ಣೆ ಸುರಿದು, "ದರ್ಗಾದಾಗ ಜೈನರ ಕಲ್ಲು ಐತಿ ಅಂತ ಹೊರಗ ಹೇಳಿದ್ರ ಮಂದಿ ಏನ ಕೇಳ್ತಾರ ಗೊತ್ತೇನು? ಹ್ಯಾಂಗ ಬಂತು ಅಂತ ಕೇಳ್ತಾರ. ಯಾರನ್ನ ಕೆಡವಿ ತಂದ್ರಿ ಅಂತ ಕೇಳ್ತಾರ" ಅಂದಳು. ನನಗೂ ಅದು ಗೊತ್ತಿತ್ತು. ಯಾರೂ ಏನನ್ನೂ ಕೆಡವಿರಲಿಲ್ಲ. ಬಯಲಲ್ಲಿ ಬಿದ್ದಿದ್ದ ಕಲ್ಲನ್ನು ಯಾರೋ ಪುಣ್ಯಾತ್ಮರು ತಂದು ನೆರಳಿಗೆ ಹಾಕಿರಬೇಕು. ಆದರೆ ಈ ಕಾಲದಲ್ಲಿ ಅಂಥ ಮಾತು ಕೇಳುವ ವ್ಯವಧಾನ ಯಾರಿಗಿದೆ? ಸುಮ್ಮನಾದೆ. ಆ ಕವಿಯ ಮೇಲೆ ನಾನು ಬರೆದ ಪುಸ್ತಕದಲ್ಲಿ, ಅವನ ಗುರುವಿನ ನಿಷಧಿ ನಮ್ಮ ಭಾಗದಲ್ಲಿತ್ತೆಂದು ಹಿರಿಯರ ಹೇಳಿಕೆ ಇದೆ ಅಂತ ಒಂದು ಸೊರಗಿದ ವಾಕ್ಯ ಬರೆದು ಮುಗಿಸಿದೆ. ಅದನ್ನು ಬರೆಯುವಾಗ ಅನ್ನದಲ್ಲಿ ಕಲ್ಲು ಕಡಿದಂತಾಗಿತ್ತು.

ಆ ಒಂದು ವಾಕ್ಯವನ್ನು ಹಿಡಿದು ನನ್ನನ್ನು ಜಗ್ಗಾಡಿದವನು ಒಬ್ಬನಿದ್ದಾನೆ. ಯಲಬುರ್ಗಾದಲ್ಲಿ ನನ್ನ ಸಹೋದ್ಯೋಗಿಯಾಗಿದ್ದ, ನನಗಿಂತ ಕಿರಿಯ. ಆಪಾನ ಮಗಳ ಮದುವೆಗೆ ನಮ್ಮೂರಿಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡುಹೋದವನು. ಅವನು ಬರೆದದ್ದಕ್ಕಿಂತ ಸಂಪಾದಿಸಿದ್ದೇ ಹೆಚ್ಚು. ಊರಿಗೊಂದು ಅಭಿನಂದನ ಗ್ರಂಥ, ಸ್ವಾಮಿಗೊಂದು ಸಂಸ್ಮರಣ ಗ್ರಂಥ, ಎಲ್ಲದರ ಮೇಲೂ ಅವನದೇ ಹೆಸರು. ವಿಚಾರಸಂಕಿರಣಗಳಲ್ಲಿ ನಾನು ಮುಂದಿನ ಸಾಲಿನಲ್ಲಿ ಕೂತಿರುವಾಗಲೇ, "ಹೇಳಿಕೆ ಮಾತಿಗೆಲ್ಲಾ ಇತಿಹಾಸ ಅನ್ನಾಕಾಗೂದಿಲ್ರಿ. ನಮ್ಮ ಸರ್ರು ಭಾವುಕ್ರು" ಎಂದು ನಗುತ್ತಿದ್ದ. ಜನರೂ ನಗುತ್ತಿದ್ದರು. ಕೊಪ್ಪಳ, ಗಂಗಾವತಿ ಎಂದರೆ ಭತ್ತ, ಬೆಟ್ಟ, ಬಿಸಿಲು ಅಷ್ಟೇ, ಅಲ್ಲೆಲ್ಲಿಯ ಕವಿ ಎಂದು ದಕ್ಷಿಣದವರು ನಕ್ಕರೆ ತಡೆದುಕೊಳ್ಳಬಹುದು. ನಮ್ಮವನೇ ಎದ್ದು ನಿಂತು ಅವರಿಗೆ ಚಪ್ಪಾಳೆ ಸಂಪಾದಿಸಿಕೊಟ್ಟರೆ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರಿಗೆ ಇಂಥವನೇ ಒಬ್ಬ ಸಿಕ್ಕಿರಬೇಕು.

ಕೆಲವು ವರ್ಷಗಳ ಹಿಂದೆ ಜಿಲ್ಲೆಯ ಇತಿಹಾಸ, ಸಾಹಿತ್ಯ ಎಲ್ಲ ಸೇರಿಸಿ ಒಂದು ದೊಡ್ಡ ಸಂಪುಟ ತರಬೇಕೆಂದು ಕೊಪ್ಪಳದಲ್ಲಿ ಒಂದು ಮಂಡಳಿ ಆಯಿತು. ಸಂಪಾದಕ ಯಾರೆಂದು ನಾನು ಹೇಳಬೇಕಾಗಿಲ್ಲ. ಆಗ ನಾನು ನಿವೃತ್ತನಾಗಿ ಗಂಗಾವತಿಯಲ್ಲಿದ್ದೆ. ಕರೆದರು, ಹೋದೆ. ಒಗ್ಗರಣಿ ಮಂಡಕ್ಕಿ, ಮಿರ್ಚಿ ಭಜಿ ತಿನ್ನಿಸಿದರು, ಚಹಾ ಕುಡಿಸಿದರು. ಆಮೇಲೆ ಅವನು ಅಧ್ಯಾಯಗಳನ್ನು ಹಂಚತೊಡಗಿದ. ಹಳಗನ್ನಡ ಕವಿಗಳ ಅಧ್ಯಾಯ ಬಂದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ಅದನ್ನ ನಾನ ನೋಡ್ಕೋತೀನ್ರಿ" ಎಂದು ಅವನು ಮುಂದಕ್ಕೆ ಹೋದ. ಕೊನೆಗೆ ನನ್ನ ಕಡೆ ತಿರುಗಿ, "ಸರ್ರ, ನಿಮಗ ಉರುಸು ದರ್ಗಾದ ಅಧ್ಯಾಯ ಇಟ್ಟೀವ್ರಿ. ನಿಮಗಿಂತ ಬಲ್ಲವರು ಯಾರದಾರ?" ಅಂದ.

ಜೀವಮಾನವೆಲ್ಲ ಹಳಗನ್ನಡ ಓದಿದವನಿಗೆ ಉರುಸಿನ ಅಧ್ಯಾಯ! "ದರ್ಗಾದ ಬಗ್ಗೆ ನಾ ಒಂದ ಲೇಖನಾ ಬರದಿಲ್ಲಲ್ರೀ. ಕವಿ ಮ್ಯಾಲ ಪುಸ್ತಕಾ ಬರದೀನಿ" ಅಂದೆ.

"ಬರದಿಲ್ಲ ಅಂದ್ರೇನ್ರಿ, ಮನಿತನದಾಗ ಬಂದಿರ್ತೈತಲ್ರೀ" ಅಂದ. ಸುತ್ತ ಕೂತವರು ತಲೆಯಾಡಿಸಿದರು. ನನ್ನ ಕೈಯಲ್ಲಿದ್ದ ಮಿರ್ಚಿಯನ್ನು ಅವನ ಕಣ್ಣಿಗೆ ಹಿಂಡಿಬಿಡಲೇ ಅನ್ನಿಸಿತು. ಒಲ್ಲೆ ಅಂದು ಎದ್ದು ಬರುವವನೇ ಇದ್ದೆ. ಆಗ ಪಕ್ಕದವನಿಗೆ ಅವನು ಮೆಲ್ಲಗೆ ಹೇಳಿದ್ದು ಕಿವಿಗೆ ಬಿತ್ತು: "ಎಷ್ಟ ಪುಟಾ ಬೇಕಾದ್ರೂ ಬರೀಲಿ ಬಿಡೋ, ಅದನ್ನ ಯಾರ ಓದ್ತಾರ?"

ಆಹಾ! ಯಾರೂ ಓದದ ಅಧ್ಯಾಯ. ಸರಿ ಮಗನೆ, ಬರೆಯುತ್ತೇನೆ ಅಂದುಕೊಂಡೆ. "ಆಗ್ಲಿ" ಅಂದು ಒಪ್ಪಿ ಬಂದೆ.

ಬರೆಯುವ ಮೊದಲು ಗಂಗಾವತಿಯಿಂದ ಬಸ್ಸು ಹಿಡಿದು ಕನಕಗಿರಿ, ತಾವರಗೇರಾ ಮೇಲೆ ಊರಿಗೆ ಹೋದೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಪ್ರೀತಿಯ ಮಾತೆಲ್ಲ ಮನೆಮಾತಾದ ದಖನಿ ಉರ್ದುವಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ. ಹೊಲ, ಸಂತೆ, ನೀರಿನ ಪಾಳಿ, ಜಗಳಕ್ಕೆ ಬೇಕಾದ ಎಲ್ಲವನ್ನೂ ನಾವು ಕನ್ನಡದಲ್ಲೇ ಕಲಿತವರು. ನಾನು ವಿಷಯ ಹೇಳಿ ಮುಗಿಸುವ ಮೊದಲೇ ಆಪಾ ಕನ್ನಡಕ್ಕೆ ಬಂದಳು.

"ನಿನ್ನ ಪುಸ್ತಕಕ್ಕ ನನ್ನ ದೀಪ ಯಾಕ ಆರಸ್ತಿ?"

"ಆರಸೂದಿಲ್ಲ ಆಪಾ. ಊರ ಹೆಸರು ಬರಿಯೂದಿಲ್ಲ. ಕಲ್ಲನ್ನ ದರ್ಗಾ ಕಾಪಾಡ್ಯಾದ, ನಿಮ್ಮ ಎಣ್ಣಿ ಕಾಪಾಡ್ಯಾದ ಅಂತ ಬರೀತೀನಿ. ಇದು ಹೆಮ್ಮಿ ಮಾತು."

"ಹೆಮ್ಮಿ ನಿಂದು. ಕಲ್ಲು ಒಗೆಯಾಕ ಬರೋ ಮಂದಿ ನನ್ನ ಬಾಗಲಿಗೆ ಬರ್ತಾರ."

"ಹಂಗಾದ್ರ ನಾ ಸಾಯೂತನಾ ಅವರ ಮುಂದ ಸುಳ್ಳಾಗಿ ಕುಂದ್ರಬೇಕೇನು?"

"ಕುಂದ್ರು. ಸುಳ್ಳಾದವರು ಯಾರೂ ಸತ್ತಿಲ್ಲ" ಅಂದಳು. ಗಂಡ ಸತ್ತ ಮೇಲೆ ಒಬ್ಬಳೇ ಬಳೆ ಅಂಗಡಿ ನಡೆಸಿಕೊಂಡು ಬಂದವಳು. ಅವಳ ಮಾತಿನ ಮುಂದೆ ತಾವರಗೇರಾ ಸಂತೆಯ ದಲ್ಲಾಳಿಗಳೇ ಬಾಯಿ ಮುಚ್ಚುತ್ತಾರೆ. ನಾನು ಮುಚ್ಚಲಿಲ್ಲ. ಕಲ್ಲಿನ ಫೋಟೋ ತೆಗೆದುಕೊಂಡು, ಅವಳು ಇಟ್ಟ ರೊಟ್ಟಿ ಮುಟ್ಟದೆ ಬಸ್ಸು ಹತ್ತಿದೆ.

ಅಧ್ಯಾಯ ಬರೆದೆ. ಮೊದಲ ಪುಟಗಳಲ್ಲಿ ಅವನು ಬಯಸಿದ್ದೆಲ್ಲ ಇತ್ತು: ಗಂಧ, ಚಾದರ, ಸಕ್ಕರೆ ಓದಿಸುವುದು, ಕವ್ವಾಲಿ. ನಡುವೆ ತಣ್ಣಗೆ, ಒಂದು ದರ್ಗಾದ ಅಂಗಳದಲ್ಲಿ ಇಂಥದೊಂದು ಕಲ್ಲಿದೆ ಎಂದು ಬರೆದು ಶಾಸನದ ಪೂರ್ತಿ ಪಾಠ ಕೊಟ್ಟೆ. ಕೆಳಗೆ ಅರ್ಥ, ಟಿಪ್ಪಣಿ, ಕವಿಯ ಕಾಲ, ಅವನ ನೆಲ, ಎಲ್ಲ. ಕಳಿಸಿದೆ. ಫೋಟೋಗಳಿಗೆ ಜಾಗವಿಲ್ಲ ಎಂದು ಮಂಡಳಿಯ ಹುಡುಗಿಯೊಬ್ಬಳು ಫೋನ್ ಮಾಡಿ ಹೇಳಿದಳು, ಅಷ್ಟೇ. ಸಂಪಾದಕನಿಂದ ಒಂದು ಚಕಾರವಿಲ್ಲ. ಓದಿರಲಿಲ್ಲ ಪುಣ್ಯಾತ್ಮ! ತನ್ನ ಹೆಸರಿನಲ್ಲಿ ಬರುವ ಪುಸ್ತಕವನ್ನು ಓದದೆ ಅಚ್ಚಿಗೆ ಕೊಟ್ಟಿದ್ದ.

ಬಿಡುಗಡೆಗೆ ಕೊಪ್ಪಳದ ಸಭಾಂಗಣ ತುಂಬಿತ್ತು. ಬಣ್ಣದ ಹಾಳೆಯಲ್ಲಿ ಸುತ್ತಿದ ಪುಸ್ತಕದ ಗಂಟನ್ನು ಅತಿಥಿಗಳು ಬಿಚ್ಚಿದರು, ಎದೆಗೆ ಹಿಡಿದು ನಿಂತರು, ಫೋಟೋ ಆಯಿತು. ನನ್ನನ್ನು ಲೇಖಕರ ಸಾಲಿನಲ್ಲಿ, ಕಂಬದ ಹಿಂದೆ ಕೂರಿಸಿದ್ದರು. ನಾನು ಪ್ರತಿ ತೆಗೆದು ಅವನ ಅಧ್ಯಾಯ ಓದಿದೆ. ಆ ನಿಷಧಿ ಇದ್ದರೆ ಕಾಣಬೇಕಿತ್ತು, ಈ ಭಾಗವನ್ನೆಲ್ಲ ತಾನು ಹೆಜ್ಜೆ ಹೆಜ್ಜೆ ಹುಡುಕಿದ್ದಾಗಿಯೂ ಅಂಥ ಕಲ್ಲು ಎಲ್ಲಿಯೂ ಇಲ್ಲವೆಂದೂ ಬರೆದಿದ್ದ. ಕುಕನೂರು ದಾಟಿದರೆ ಬಿಸಿಲು ಜಾಸ್ತಿ ಎಂದು ಕಾರಿನಿಂದ ಇಳಿಯದ ಆಸಾಮಿ ಹೆಜ್ಜೆ ಹೆಜ್ಜೆ ಹುಡುಕಿದ್ದನಂತೆ. ಮೈಕಿನ ಮುಂದೆಯೂ ಅದನ್ನೇ ಹೇಳಿದ. "ಆ ಕಲ್ಲು ಕಾಲನ ಹೊಟ್ಟಿ ಸೇರೇತ್ರಿ" ಅಂದ.

ನಾನು ಎದ್ದು ನಿಂತೆ. "ಕಾಲನ ಹೊಟ್ಟಿ ಸೇರಿಲ್ಲ, ನಿಮ್ಮ ಪುಸ್ತಕದ ಹೊಟ್ಟ್ಯಾಗ ಐತಿ. ಉರುಸಿನ ಅಧ್ಯಾಯ ತಗೀರಿ" ಅಂದೆ.

ಅವನು ಪುಟ ತಿರುವಿದ. ಓದುತ್ತ ಓದುತ್ತ ಅವನ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ತುಂಬ ನೋಡಿದೆ. ಅದೊಂದು ಗಳಿಗೆಗೆ ನನ್ನ ಜನ್ಮ ಸಾರ್ಥಕ ಅಂದುಕೊಂಡೆ. ಆದರೆ ನಾಚಿಕೆ ಬಿಟ್ಟವನು ಊರಿಗೇ ದೊಡ್ಡವನಲ್ಲವೆ? ತಲೆ ಎತ್ತಿ ನಕ್ಕ. "ಸಭಾಕ್ಕ ಒಂದು ಅಚ್ಚರಿ ಇರ್ಲಿ ಅಂತ ಮುಚ್ಚಿಟ್ಟಿದ್ದೆ, ಸರ್ರು ತಡಕೊಳ್ಳಲಿಲ್ಲ. ಹೌದ್ರಿ! ನಮ್ಮ ಸಂಪಾದಕ ಮಂಡಳಿ ಆ ಕಲ್ಲನ್ನ ಶೋಧ ಮಾಡೇತಿ!" ಅಂದ. ಚಪ್ಪಾಳೆ ಬಿತ್ತು. ಅವನಿಗೇ ಬಿತ್ತು. ಶಾಲು ಹೊದಿಸಿದವರು ಅವನಿಗೇ ಹೊದಿಸಿದರು. ಕಲ್ಲನ್ನು ಕೊಪ್ಪಳಕ್ಕೆ ತಂದು ಗೌರವದಿಂದ ನಿಲ್ಲಿಸುವುದಾಗಿ ಅಲ್ಲೇ ಘೋಷಿಸಿಯೂ ಬಿಟ್ಟ. ನಾನು ಊರ ಹೆಸರು ಬರೆದಿರಲಿಲ್ಲ, ನಿಜ. ಆದರೆ ನನ್ನೂರು ಯಾವುದೆಂದು ಅವನಿಗೆ ಗೊತ್ತಿತ್ತು. ಬೇವಿನ ಮರ, ಗೋರಿ, ಅಂಗಳ, ಉಂಡು ಕೈ ತೊಳೆದ ಜಾಗ ಎಲ್ಲ ಗೊತ್ತಿತ್ತು.

ಮರುದಿನ ಪತ್ರಿಕೆಗಳಲ್ಲಿ ಅವನ ಫೋಟೋ, ಅದರ ಕೆಳಗೆ ನಮ್ಮೂರ ಹೆಸರು. ಆ ವಾರ ಪೂರ್ತಿ ನಾನು ಫೋನ್ ಕೈಯಲ್ಲಿ ಹಿಡಿದು ಕೂತಿದ್ದೆ. ಆಪಾ ಕರೆ ಎತ್ತಲಿಲ್ಲ. ಕೊನೆಗೆ ಗುರುವಾರ ಬೆಳಿಗ್ಗೆ ಅವಳೇ ಮಾಡಿದಳು. "ಬಂದು ನೋಡು" ಅಂದಳು, ಇಟ್ಟುಬಿಟ್ಟಳು. ಕನ್ನಡದಲ್ಲಿ ಅಂದಳು.

ನಾನು ಹೋಗುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಅಂಗಳದಲ್ಲಿ ನೆಲ ಅಗೆದು ಮತ್ತೆ ತುಳಿದ ಹಸಿ ಗುರುತಿತ್ತು. ಕಲ್ಲು ಇತ್ತು, ಆದರೆ ಅಕ್ಷರಗಳಿರಲಿಲ್ಲ. ಒರಟು ಬೆನ್ನು ಮೇಲೆ ಮಾಡಿಕೊಂಡು, ಅರ್ಧ ಮಣ್ಣಿನಲ್ಲಿ ಹೂತು, ಯಾವುದೋ ಹೊಲದ ಬದುವಿನ ಕಲ್ಲಿನ ಹಾಗೆ ಬಿದ್ದಿತ್ತು. ಆಗಲೇ ಅದರ ಮೇಲೆ ಸುಣ್ಣ ಬಳಿದಿದ್ದರು.

"ಯಾರು ತಿರುವಿದ್ರು?"

"ಓಣಿ ಮಂದಿ ಎಲ್ಲಾ ಕೂಡಿ" ಅಂದಳು ಆಪಾ. "ಪೇಪರ ನೋಡಿ ಯಾರೋ ನಾಕು ಹುಡುಗ್ರು ಮೋಟರಸೈಕಲ್ ತಗೊಂಡು ಬಂದಿದ್ರು. ಗೋರಿ ಕೆಳಗ ಇನ್ನೇನೇನ ಐತಿ ಅಂತ ಕೇಳಿದ್ರು. ಬೇವಿನ ಗಿಡದ ಬುಡಾ ಸುದ್ದಾ ಅಳತಿ ಮಾಡ್ಕೊಂಡು ಹೋದ್ರು. ಮತ್ತ ಬರ್ತೀವಿ ಅಂದ್ರು. ಅವರು ಹೋದ ಕೂಡ್ಲೆ ಕಬ್ಬಿಣದ ಹಾರಿ ಹಾಕಿ ತಿರುವಿದ್ವಿ. ಎಣ್ಣಿ ಸುರೀತಿದ್ರಲ್ಲ, ಆ ಮಂದೀನ ಕೈ ಹಚ್ಚಿದ್ರು. ನಿನ್ನೆ ನಿಮ್ಮ ಸಂಪಾದಕ ಗಾಡಿ ತಗೊಂಡು ಬಂದಿದ್ದ. ಯಾವ ಕಲ್ಲು, ಇದು ನಮ್ಮ ದೀಪದ ಕಟ್ಟಿ ಅಂದೆ. ಚಾ ಕುಡದು ಹೋದ."

"ಎಷ್ಟ ವರ್ಷದ ಅಕ್ಷರ ಆಪಾ ಅವು! ಮಣ್ಣಾಗ ಮಕಾ ಮಾಡಿ ಮಲಗಿಸೀಯಲ್ಲ, ಕೈ ಹ್ಯಾಂಗರ ಬಂತು ನಿನಗ?"

"ಬಂತು. ನಿನಗ ಬರಿಯಾಕ ಕೈ ಬರಲಿಲ್ಲೇನು?"

ಆಗಲೇ ನನ್ನ ಫೋನ್ ಬಡಿದುಕೊಂಡಿತು. ಅವನೇ. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಸರ್ರ, ನಿಮ್ಮೂರಿಗೆ ಹೋಗಿದ್ದೆ. ಅಲ್ಲಿ ಯಾವ ಶಾಸನಾನೂ ಇಲ್ಲಲ್ರೀ. ಪ್ಯಾಟ್ಯಾಗ ಮಂದಿ ಕೇಳಾಕ ಹತ್ಯಾರ, ಏನ ಹೇಳ್ಲಿ? ನಿಮ್ಮ ಫೋಟೋ ಅದಾವ ಖರೆ, ಆದ್ರ ಕಲ್ಲು ಎಲ್ಲೀದು ಅಂತ ಫೋಟೋ ಹೇಳ್ತೈತೇನ್ರಿ? ನಾ ಬರದದ್ದ ಖರೆ ಆತು ನೋಡ್ರಿ. ಮುಂದಿನ ಮುದ್ರಣದಾಗ ನಿಮ್ಮ ಆ ಭಾಗ ತಗೀಬೇಕಾಗ್ತೈತಿ. ಇಲ್ಲಾ ಅಂದ್ರ ಒಂದ ಮಾತ ಹೇಳ್ರಿ, ಕಲ್ಲು ಇಂಥಲ್ಲೆ ಐತಿ ಅಂತ. ನಾಳೆನ ಬರ್ತೀನಿ, ಪೊಲೀಸರನ್ನ ಕರಕೊಂಡ ಬರ್ತೀನಿ, ತೋರಸ್ರಿ."

ಕಲ್ಲು ನನ್ನ ಪಾದದಿಂದ ಒಂದು ಮಾರು ದೂರದಲ್ಲಿತ್ತು. ಅದರ ಹೊಟ್ಟೆಯಡಿ ನನ್ನ ಕವಿಯಿದ್ದ. ಅಗೋ ಅಲ್ಲಿ, ಎತ್ತಿ ನೋಡೋ ಅಯೋಗ್ಯ ಎಂದು ಕೂಗಿದರೆ ಸಾಕಿತ್ತು, ನಾನು ಗೆಲ್ಲುತ್ತಿದ್ದೆ. ಆಪಾ ಕೈಯಲ್ಲಿ ಎಣ್ಣೆಯ ಬಟ್ಟಲು ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಹಿಂದೆ, ಗೋಡೆಗುಂಟ, ಕೂಲಿ ಮುಗಿಸಿ ಬಂದ ಹೆಂಗಸರು ಕೂತಿದ್ದರು. ಅವರೂ ನನ್ನನ್ನೇ ನೋಡುತ್ತಿದ್ದರು.

"ಹಲೋ ಸರ್ರ? ಕೇಳಸ್ತೇನ್ರಿ?"

"ತಗೀರಿ ಆ ಭಾಗ" ಅಂದೆ.

"ಹಂಗಾದ್ರ ಕಲ್ಲು ಇಲ್ಲ ಅಂತ ಒಪ್ಪಿದಂಗಾತಲ್ರೀ?"

"ಇಲ್ಲ."

ಅವನು ನಕ್ಕದ್ದು ಕೇಳಿಸಿತು. ಫೋನ್ ಜೇಬಿಗೆ ಹಾಕಿಕೊಂಡೆ. ಅವನ ಮೇಲೆ ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ಸಿಟ್ಟು ಬಟ್ಟಲು ಹಿಡಿದು ನಿಂತವಳ ಮೇಲೂ ಬಂದಿತ್ತು.

ಆಪಾ ಕಲ್ಲಿನ ಬೋಳು ಬೆನ್ನ ಮೇಲೆ ಎಣ್ಣೆ ಸುರಿದಳು, ಬತ್ತಿ ಹೊಸೆದಳು, ದೀಪ ಹಚ್ಚಿದಳು. ಹೆಂಗಸರು ಎದ್ದು ಬಂದು ಕೈಮುಗಿದರು. ಆಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ದಖನಿ ಬಂತು.

"ಬೈಟ್ ರೇ. ಚಾ ಪೀ."

ನಾನು ಕನ್ನಡದಲ್ಲೇ ಹೇಳಿದೆ: "ಒಲ್ಲೆ."